ಪ್ಯಾರಿಸ್‌ಗೆ ಹೊರಟವರಿಗೆ: ಜೇಬು ಜೋಪಾನ, ಹೆಜ್ಜೆ ಜೋಪಾನ

2013ರ ಏಪ್ರಿಲ್‌ನಲ್ಲಿ ಒಂದು ದಿನ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಬಾಗಿಲು ತೆರೆಯಲೇ ಇಲ್ಲ. ಮೊನಾಲಿಸಾ ನೋಡಲು ಬಂದವರ ಜೇಬಿಗೆ ಕೈಹಾಕುವ ಗುಂಪುಗಳ ಕಾಟದಿಂದ ಬೇಸತ್ತು ಅಲ್ಲಿನ ನೌಕರರು ಕೆಲಸ ನಿಲ್ಲಿಸಿದ್ದರು. ತಡೆಯಲು ಹೋದ ಕಾವಲು ಸಿಬ್ಬಂದಿಗೇ ಬೆದರಿಕೆ ಬರುತ್ತಿತ್ತು. 2015ರ ಮೇ ತಿಂಗಳಲ್ಲಿ ಐಫೆಲ್ ಟವರ್ ನೌಕರರೂ ಇದೇ ಕಾರಣ ಹೇಳಿ ಕೆಲವು ಗಂಟೆ ಗೋಪುರ ಮುಚ್ಚಿದರು. ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡಲು ಬರುವ ಮ್ಯೂಸಿಯಂ ಮತ್ತು ಆ ನಗರದ ಗುರುತೇ ಆಗಿರುವ ಗೋಪುರ, ಎರಡೂ ಜೇಬುಗಳ್ಳರಿಂದಾಗಿ ಬಾಗಿಲು ಹಾಕಿದವೆಂದರೆ ಈ ಕಸುಬು ಅಲ್ಲಿ ಎಷ್ಟು ಬೇರೂರಿದೆ ಎಂದು ಊಹಿಸಬಹುದು.

ಇದನ್ನು ಹೇಳುವುದು ಯಾರನ್ನೂ ಹೆದರಿಸಲು ಅಲ್ಲ. ಪ್ಯಾರಿಸ್ ನೋಡಲೇಬೇಕಾದ ಊರು. ಸೇನ್ ನದಿಯ ದಂಡೆಯಲ್ಲಿ ಸಂಜೆ ನಡೆಯುವ ಸುಖವನ್ನು ಕಳ್ಳರ ಭಯಕ್ಕೆ ಬಿಟ್ಟುಕೊಡಬಾರದು. ಅಲ್ಲಿ ಪ್ರವಾಸಿಗರ ಮೈಮೇಲೆ ಬಿದ್ದು ಹೊಡೆದು ದೋಚುವ ಘಟನೆಗಳಿಗಿಂತ, ಗಮನ ಬೇರೆಡೆ ಸೆಳೆದು ಸದ್ದಿಲ್ಲದೆ ಎತ್ತಿಕೊಂಡು ಹೋಗುವ ಘಟನೆಗಳೇ ಬಹಳ ಹೆಚ್ಚು. ಅವರ ಉಪಾಯಗಳು ಹತ್ತಾರು ವರ್ಷಗಳಿಂದ ಬದಲಾಗಿಲ್ಲ. ನಡೆಯುವ ಜಾಗಗಳೂ ಬಹುಮಟ್ಟಿಗೆ ಅವೇ. ಮೊದಲೇ ತಿಳಿದುಕೊಂಡು ಹೋದವರು ಅವನ್ನು ಹತ್ತು ಮಾರು ದೂರದಿಂದಲೇ ಗುರುತಿಸಬಲ್ಲರು. ಮಗ ಸೊಸೆ ಯೂರೋಪಿನಲ್ಲಿದ್ದಾರೆಂದು ನಿವೃತ್ತಿಯ ನಂತರ ಮೊದಲ ಬಾರಿ ಹೊರಡುವ ಅಪ್ಪ ಅಮ್ಮಂದಿರು, ಹದಿನೈದು ದಿನದ ಗುಂಪು ಪ್ರವಾಸಕ್ಕೆ ವರ್ಷಗಟ್ಟಲೆ ಹಣ ಕೂಡಿಟ್ಟವರು ಮುಖ್ಯವಾಗಿ ಓದಲೆಂದು ಈ ಲೇಖನ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಒಡವೆಯ ಮಾತು. ಮದುವೆ ಮನೆಗೆ ಹೊರಟಂತೆ ಬಳೆ, ಸರ, ಜುಮುಕಿ ಹಾಕಿಕೊಂಡು ವಿಮಾನ ಹತ್ತುವವರು ನಮ್ಮಲ್ಲಿ ಈಗಲೂ ಇದ್ದಾರೆ. ಬೆಂಗಳೂರಿನ ಬಡಾವಣೆಗಳಲ್ಲಿ ಸರಗಳ್ಳರಿಗೆ ಹೆದರಿ ಸೆರಗು ಹೊದ್ದುಕೊಂಡು ನಡೆಯುವವರು, ಯೂರೋಪಿನಲ್ಲಿ ಆ ಭಯವಿಲ್ಲ ಎಂದುಕೊಳ್ಳುತ್ತಾರೆ. ಸರ ಕೀಳುವವರು ಅಲ್ಲೂ ಇದ್ದಾರೆ. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದಿದ್ದರೆ ಅರಿಶಿನ ದಾರದಲ್ಲೋ ಸಣ್ಣ ಕರಿಮಣಿಯಲ್ಲೋ ಪೋಣಿಸಿಕೊಂಡು ಬಟ್ಟೆಯೊಳಗೆ ಇರುವಂತೆ ನೋಡಿಕೊಳ್ಳಿ. ಉಳಿದ ಚಿನ್ನ ಬ್ಯಾಂಕ್ ಲಾಕರಿನಲ್ಲಿರಲಿ.

ಎರಡನೆಯದು ಕಾರ್ಡು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದಲ್ಲಿ ನಡೆಯಬೇಕಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆ ಸೌಲಭ್ಯ ಆನ್ ಮಾಡಬೇಕು. ಅದೇ ಪರದೆಯಲ್ಲಿ ದಿನದ ಮಿತಿಯನ್ನೂ ನಿಗದಿ ಮಾಡಬಹುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಾರ್ಡಿನಲ್ಲಿ ಲಕ್ಷ ರೂಪಾಯಿ ಮಿತಿ ಇಟ್ಟುಕೊಂಡು ತಿರುಗುವ ಅಗತ್ಯವಿಲ್ಲ. ಆ ದಿನಕ್ಕೆ ಬೇಕಾದಷ್ಟು ಮಾತ್ರ ತೆರೆದಿಡಿ, ಹೋಟೆಲ್ ಬಿಲ್ ಕಟ್ಟುವ ದಿನ ಹೆಚ್ಚಿಸಿಕೊಳ್ಳಿ. ಒಂದು ಫಾರೆಕ್ಸ್ ಕಾರ್ಡ್, ಒಂದು ಬ್ಯಾಂಕ್ ಕಾರ್ಡ್, ಸ್ವಲ್ಪ ಯೂರೊ ನಗದು ಸಾಕು. ಇವು ಮೂರೂ ಒಂದೇ ಪರ್ಸಿನಲ್ಲಿ ಇರಬಾರದು. ದಂಪತಿ ಹೋಗುತ್ತಿದ್ದರೆ ಒಂದು ಕಾರ್ಡ್ ಇವರ ಬಳಿ, ಇನ್ನೊಂದು ಅವರ ಬಳಿ ಇರಲಿ. ಗಂಡನ ಪರ್ಸಿನಲ್ಲೇ ಇಡೀ ಸಂಸಾರದ ಪಾಸ್‌ಪೋರ್ಟು, ಕಾರ್ಡು, ಹಣ ತುಂಬುವ ನಮ್ಮ ಅಭ್ಯಾಸ ಪ್ಯಾರಿಸ್‌ನ ಕಳ್ಳನಿಗೆ ತುಂಬ ಅನುಕೂಲದ್ದು.

ಭಾರತದ ಸಿಮ್‌ನಲ್ಲಿ ರೋಮಿಂಗ್ ಚಾಲೂ ಇರಲಿ, ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್, ವಿಮೆಯ ಪ್ರತಿ ಇವನ್ನು ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡರೆ ಮೊಬೈಲ್ ಹೋದ ದಿನ ಅವೂ ಹೋಗುತ್ತವೆ. ಆದ್ದರಿಂದ ಒಂದು ಪ್ರತಿ ಇಮೇಲಿನಲ್ಲಿ, ಒಂದು ಕಾಗದದಲ್ಲಿ ಸೂಟ್‌ಕೇಸಿನೊಳಗೆ, ಇನ್ನೊಂದು ಊರಿನಲ್ಲಿರುವ ಮನೆಯವರ ಬಳಿ ಇರಲಿ. ಬ್ಯಾಂಕಿನ ಮತ್ತು ವಿಮೆ ಕಂಪನಿಯ ಸಹಾಯವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ವಿದೇಶದಿಂದ ಕರೆ ಮಾಡಬೇಕಾದ ಸಂಖ್ಯೆ ಬೇರೆ ಇರುತ್ತದೆ, 1800ರ ಟೋಲ್ ಫ್ರೀ ಸಂಖ್ಯೆ ಅಲ್ಲಿಂದ ಸಿಗುತ್ತದೆಂದು ನಂಬಬೇಡಿ.

ವಿಮೆಯ ಬಗ್ಗೆ ಒಂದು ಸೂಕ್ಷ್ಮ ಇದೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಆ ನಿಯಮ ಕೇಳುವುದು ಚಿಕಿತ್ಸೆ ಮತ್ತು ಸ್ವದೇಶಕ್ಕೆ ಮರಳಿಸುವ ವೆಚ್ಚವನ್ನು ಮಾತ್ರ. ಕಳವು, ಪಾಸ್‌ಪೋರ್ಟ್ ನಷ್ಟ, ಲಗೇಜ್ ನಷ್ಟ ಇವು ಪಾಲಿಸಿಯಲ್ಲಿ ಇರಲೂಬಹುದು, ಇಲ್ಲದೆಯೂ ಇರಬಹುದು. ಕೆಲವು ನೂರು ರೂಪಾಯಿ ಉಳಿಸಲು ಅತಿ ಅಗ್ಗದ ಪಾಲಿಸಿ ಕೊಳ್ಳುವವರು ಇದನ್ನೊಮ್ಮೆ ಓದಿ ನೋಡಬೇಕು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ.

ವಿಮಾನ ಇಳಿದ ಕೂಡಲೇ

ಷಾರ್ಲ್ ದ ಗೋಲ್ ವಿಮಾನನಿಲ್ದಾಣದಲ್ಲಿ ಲಗೇಜ್ ತಳ್ಳಿಕೊಂಡು ಹೊರಬರುವಾಗ "ಟ್ಯಾಕ್ಸಿ ಬೇಕಾ?" ಎಂದು ಹತ್ತಿರ ಬಂದು ಕೇಳುವವನ ಹಿಂದೆ ಹೋಗಬೇಡಿ. ಅಲ್ಲಿ ಅಧಿಕೃತ ಟ್ಯಾಕ್ಸಿಗಳು ಬೋರ್ಡ್ ಹಾಕಿದ ಸಾಲಿನಲ್ಲಿ ನಿಂತಿರುತ್ತವೆ, ಚಾಲಕರು ಒಳಗೆ ಬಂದು ಗಿರಾಕಿ ಹಿಡಿಯುವುದಿಲ್ಲ. ಅಲ್ಲಿಂದ ನಗರದೊಳಕ್ಕೆ ಸರ್ಕಾರವೇ ಗೊತ್ತುಮಾಡಿದ ನಿಗದಿತ ದರವಿದೆ. 2025ರಲ್ಲಿ ಅದು ಸೇನ್ ನದಿಯ ಬಲದಂಡೆಗೆ 56 ಯೂರೊ, ಎಡದಂಡೆಗೆ 65 ಯೂರೊ ಇತ್ತು. ಟ್ರಾಫಿಕ್ ಇದ್ದರೂ, ರಾತ್ರಿಯಾದರೂ ಅಷ್ಟೇ. ನಿಮ್ಮ ಹೋಟೆಲ್ ಯಾವ ದಂಡೆಯಲ್ಲಿದೆ ಎಂದು ಮೊದಲೇ ನೋಡಿಕೊಂಡಿದ್ದರೆ ಚರ್ಚೆಗೆ ಅವಕಾಶವೇ ಇರುವುದಿಲ್ಲ. 2018ರಲ್ಲಿ ಥಾಯ್ಲೆಂಡಿನಿಂದ ಬಂದ ದಂಪತಿಯಿಂದ ಒಬ್ಬ ನಕಲಿ ಚಾಲಕ ಇದೇ ದಾರಿಗೆ 247 ಯೂರೊ ಕೇಳಿದ್ದ. ಅವರು ಕಾರಿನೊಳಗೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು, ಅದು ಹರಡಿತು, ಅವನಿಗೆ ಜೈಲು ಶಿಕ್ಷೆಯಾಯಿತು. ಎಲ್ಲರ ಪ್ರಕರಣವೂ ಹಾಗೆ ಕೋರ್ಟ್ ಮುಟ್ಟುವುದಿಲ್ಲ.

ರೈಲಿನಲ್ಲಿ ಹೋಗುವವರಿಗೆ ಆರ್‌ಇಆರ್ ಬಿ ಮಾರ್ಗವಿದೆ, ಅರ್ಧ ಗಂಟೆಯ ಆಸುಪಾಸಿನಲ್ಲಿ ನಗರ ಮಧ್ಯಕ್ಕೆ ತಲುಪಿಸುತ್ತದೆ. ಇಲ್ಲಿ ನಮ್ಮವರು ಎಡವುವುದು ಟಿಕೆಟಿನಲ್ಲಿ. 2025ರ ಜನವರಿಯಲ್ಲಿ ಪ್ಯಾರಿಸ್ ತನ್ನ ಟಿಕೆಟ್ ಪದ್ಧತಿಯನ್ನೇ ಬದಲಿಸಿತು. ಮೆಟ್ರೊ, ಆರ್‌ಇಆರ್ ರೈಲುಗಳಿಗೆ ಇಡೀ ಪ್ರಾಂತ್ಯದಲ್ಲಿ ಒಂದೇ ದರ, 2.50 ಯೂರೊ, ಬಸ್, ಟ್ರ್ಯಾಮಿಗೆ 2 ಯೂರೊ, ವಿಮಾನನಿಲ್ದಾಣಕ್ಕೆ ಮಾತ್ರ ಪ್ರತ್ಯೇಕ ಟಿಕೆಟ್, 13 ಯೂರೊ, ಇವು 2025ರಲ್ಲಿ ಇದ್ದ ದರಗಳು. ಪ್ರತಿ ಜನವರಿಯಲ್ಲಿ ದರ ಪರಿಷ್ಕರಣೆಯಾಗುವುದರಿಂದ ಹೊರಡುವ ಮುನ್ನ ಹೊಸ ದರ ನೋಡಿಕೊಳ್ಳಿ. ಸಾಮಾನ್ಯ ಮೆಟ್ರೊ ಟಿಕೆಟ್ ಹಿಡಿದು ವಿಮಾನನಿಲ್ದಾಣದ ರೈಲಿನಲ್ಲಿ ಕೂತವರು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ ಖಚಿತ, "ಗೊತ್ತಿರಲಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಟಿಕೆಟ್ ಯಂತ್ರದ ಬಳಿ ಅಯಾಚಿತವಾಗಿ ನೆರವಿಗೆ ಬರುವವರು ಎರಡನೆಯ ಬಲೆ. ನಿಮ್ಮ ಪರವಾಗಿ ತಮ್ಮ ಕಾರ್ಡಿನಿಂದ ಟಿಕೆಟ್ ತೆಗೆದುಕೊಟ್ಟು ನಗದು ಪಡೆಯುತ್ತಾರೆ. ಕೈಗೆ ಬಂದದ್ದು ಮಕ್ಕಳ ಟಿಕೆಟ್ಟೋ ಅವಧಿ ಮುಗಿದ ಪಾಸೋ ಎಂಬುದು ಗೇಟಿನ ಬಳಿ ತಿಳಿಯುತ್ತದೆ. ಯಂತ್ರದಲ್ಲಿ ಇಂಗ್ಲಿಷ್ ಭಾಷೆಯ ಗುಂಡಿ ಇದೆ, ನಿಧಾನವಾಗಿ ನೀವೇ ಮಾಡಿ. 2 ಯೂರೊ ಕೊಟ್ಟರೆ ನಾವಿಗೊ ಈಜಿ ಎಂಬ ಕಾರ್ಡ್ ಸಿಗುತ್ತದೆ, ಅದಕ್ಕೆ ಟಿಕೆಟ್ ತುಂಬಿಸಿಕೊಳ್ಳಬೇಕು. ತಲೆಗೊಂದು ಕಾರ್ಡ್ ಬೇಕು. ಒಂದೇ ಕಾರ್ಡನ್ನು ಒಬ್ಬರು ತೋರಿಸಿ ಗೇಟಿನ ಮೇಲಿಂದ ಹಿಂದಿನವರಿಗೆ ಕೊಡುವಂತಿಲ್ಲ. ವಾರದ ಪಾಸ್ ಕೊಂಡ ದಿನದಿಂದ ಏಳು ದಿನ ನಡೆಯುತ್ತದೆಂದು ಭಾವಿಸಬೇಡಿ, ಅದು ಸೋಮವಾರದಿಂದ ಭಾನುವಾರದವರೆಗೆ ಮಾತ್ರ. ಗುರುವಾರ ಇಳಿದವರು ಕೊಂಡರೆ ನಾಲ್ಕೇ ದಿನ. ಪ್ರಯಾಣ ಮುಗಿದು ನಿಲ್ದಾಣದ ಹೊರಗೆ ಬರುವವರೆಗೂ ಟಿಕೆಟ್ ಅಥವಾ ಕಾರ್ಡ್ ಕೈಯಲ್ಲಿರಲಿ, ತಪಾಸಣೆ ಬಹುತೇಕ ಹೊರಬಾಗಿಲ ಹತ್ತಿರದ ತಿರುವಿನಲ್ಲೇ ನಡೆಯುತ್ತದೆ.

ಮೆಟ್ರೊ ಬಾಗಿಲು

ಪ್ಯಾರಿಸ್‌ನಲ್ಲಿ ಅತಿ ಎಚ್ಚರ ಬೇಕಾದ ಜಾಗ ಯಾವುದೆಂದು ಯಾರಾದರೂ ಕೇಳಿದರೆ ಮೆಟ್ರೊ ಬೋಗಿಯ ಬಾಗಿಲು ಎನ್ನುತ್ತೇನೆ. ಲೂವ್ರ್, ಶಾಂಜೆಲಿಜೆ, ಬಾಸ್ತೀಯ್ ಇವನ್ನೆಲ್ಲ ಪೋಣಿಸುವ 1ನೇ ಮಾರ್ಗ, ಐಫೆಲ್ ಟವರ್ ಕಡೆಗೆ ಹೋಗುವ 6ನೇ ಮಾರ್ಗ, ಮೊಂಮಾರ್ತ್ರ್ ಬೆಟ್ಟದ ಬುಡ ಮುಟ್ಟುವ 2ನೇ ಮಾರ್ಗ ಪ್ರವಾಸಿಗರಿಂದ ತುಂಬಿರುತ್ತವೆ. ಪ್ರವಾಸಿಗರಿದ್ದಲ್ಲಿ ಕಳ್ಳರೂ ಇರುತ್ತಾರೆ.

ನಡೆಯುವುದು ಹೀಗೆ. ನೀವು ಬಾಗಿಲ ಹತ್ತಿರದ ಮಡಚುವ ಸೀಟಿನಲ್ಲಿ ಕೂತಿದ್ದೀರಿ, ಅಥವಾ ಕಂಬಕ್ಕೆ ಒರಗಿ ನಿಂತಿದ್ದೀರಿ. ಮುಂದಿನ ನಿಲ್ದಾಣ ಯಾವುದೆಂದು ಮೊಬೈಲಿನಲ್ಲಿ ನಕ್ಷೆ ನೋಡುತ್ತಿದ್ದೀರಿ. ರೈಲು ನಿಲ್ಲುತ್ತದೆ, ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಬಾಗಿಲು ಮುಚ್ಚುವ ಮುನ್ನ ಬೀಪ್ ಸದ್ದು ಕೇಳುತ್ತದೆ. ಆ ಸದ್ದು ಮುಗಿಯುವ ಕೊನೆಯ ಕ್ಷಣದಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತಿದ್ದ ಹುಡುಗನೊಬ್ಬ ಕೈ ಒಳಗೆ ಚಾಚಿ ಮೊಬೈಲ್ ಕಿತ್ತುಕೊಳ್ಳುತ್ತಾನೆ. ಬಾಗಿಲು ಮುಚ್ಚುತ್ತದೆ. ನೀವು ಗಾಜಿನ ಒಳಗೆ, ಅವನು ಹೊರಗೆ. ಕೂಗಿದರೂ ಪ್ರಯೋಜನವಿಲ್ಲ, ರೈಲು ಹೊರಟಿರುತ್ತದೆ. ಇದನ್ನು ತಪ್ಪಿಸಲು ಬೇಕಾದದ್ದು ಒಂದೇ ಅಭ್ಯಾಸ: ರೈಲು ನಿಲ್ದಾಣದೊಳಗೆ ಬರುತ್ತಿದ್ದಂತೆ ಮೊಬೈಲ್ ಒಳಗಿಡಿ, ಬಾಗಿಲು ಮುಚ್ಚಿ ರೈಲು ಹೊರಟ ಮೇಲೆ ಬೇಕಾದರೆ ಮತ್ತೆ ತೆಗೆಯಿರಿ. ಸಾಧ್ಯವಾದಷ್ಟೂ ಬೋಗಿಯ ನಡುವಿಗೆ ಹೋಗಿ ನಿಲ್ಲಿ. ಇಳಿಯಬೇಕಾದ ನಿಲ್ದಾಣದ ಹೆಸರನ್ನು ಹತ್ತುವ ಮೊದಲೇ ಚೀಟಿಯಲ್ಲಿ ಬರೆದುಕೊಂಡರೆ ಮೊಬೈಲ್ ತೆಗೆಯುವ ಪ್ರಸಂಗವೇ ಬರುವುದಿಲ್ಲ.

ಎರಡನೆಯ ಉಪಾಯಕ್ಕೆ ಮೂರು ನಾಲ್ಕು ಜನ ಬೇಕು. ನೀವು ಬೋಗಿ ಹತ್ತುವಾಗ ಮುಂದಿನವಳು ಬಾಗಿಲಲ್ಲೇ ಥಟ್ಟನೆ ನಿಲ್ಲುತ್ತಾಳೆ, ಏನೋ ಬಿದ್ದುಹೋದಂತೆ ಬಗ್ಗುತ್ತಾಳೆ. ನೀವು ಅವಳಿಗೆ ತಾಗದಿರಲು ಹಿಂಜರಿಯುವಷ್ಟರಲ್ಲಿ ಹಿಂದಿನಿಂದ ಇಬ್ಬರು ಒತ್ತುತ್ತಾರೆ. ಅವಸರದಲ್ಲಿ ತಳ್ಳುತ್ತಿದ್ದಾರೆ ಎಂದುಕೊಳ್ಳುತ್ತೀರಿ. ನೂಕುನುಗ್ಗಲಿನ ಬಸ್ಸಿನಲ್ಲಿ ಬೆಳೆದ ನಮಗೆ ಮೈಗೆ ಮೈ ತಾಗುವುದು ಅಸಹಜ ಎನಿಸುವುದೇ ಇಲ್ಲ, ತೊಂದರೆ ಇರುವುದು ಅಲ್ಲೇ. ಪ್ಯಾರಿಸ್‌ನವರು ಕಿಕ್ಕಿರಿದ ರೈಲಿನಲ್ಲೂ ಆದಷ್ಟು ಅಂತರ ಕಾಯುತ್ತಾರೆ. ಬೋಗಿ ಖಾಲಿ ಇದ್ದರೂ ಯಾರೋ ನಿಮಗೇ ಅಂಟಿಕೊಂಡು ನಿಂತರೆ ಜಾಗ ಬದಲಿಸಿ, ಚೀಲವನ್ನು ಎದೆಯ ಮುಂದೆ ತಂದುಕೊಳ್ಳಿ. ಇದರಿಂದ ಯಾರಿಗೂ ಅವಮಾನವಾಗುವುದಿಲ್ಲ, ಅಲ್ಲಿನವರೇ ಹಾಗೆ ಮಾಡುತ್ತಾರೆ. ಎಸ್ಕಲೇಟರಿನ ತುದಿಯಲ್ಲಿ ಮುಂದಿನವನು ನಿಂತುಬಿಡುವುದು, ಟಿಕೆಟ್ ಗೇಟಿನಲ್ಲಿ ಹಿಂದಿನವನು ನಿಮ್ಮ ಜೊತೆಗೇ ನುಸುಳುವುದು, ಇವೂ ಇದೇ ಜಾತಿಯವು.

ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಪರ್ಸ್ ಇಡುವುದನ್ನು ಗಂಡಸರು ಬೆಂಗಳೂರಿನಲ್ಲೇ ಬಿಟ್ಟು ಹೋಗಬೇಕು. ಬೆನ್ನಿನ ಚೀಲದಲ್ಲಿ ನೀರು, ಛತ್ರಿ, ಸ್ವೆಟರ್ ಮಾತ್ರ ಇರಲಿ. ಜಿಪ್ ಇಲ್ಲದ ಬಟ್ಟೆ ಚೀಲ ಬೇಡವೇ ಬೇಡ. ಶಾತ್ಲೆ, ಗಾರ್ ದು ನೋರ್, ಟ್ರೊಕಾಡೆರೊ ನಿಲ್ದಾಣಗಳಲ್ಲಿ ಇನ್ನೂ ಸ್ವಲ್ಪ ಜಾಗ್ರತೆ ಹೆಚ್ಚಿರಲಿ.

ಹಲಗೆ, ದಾರ, ಉಂಗುರ

ನೋತ್ರ್ ದಾಮ್ ಮುಂದಿನ ಚೌಕ, ಲೂವ್ರ್ ಅಂಗಳ, ಐಫೆಲ್ ಟವರ್ ಸುತ್ತಮುತ್ತ ಹದಿಹರೆಯದ ಹುಡುಗಿಯರು ಕೈಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ಬರುತ್ತಾರೆ. ಕಿವುಡರಿಗೋ ಅಂಗವಿಕಲರಿಗೋ ಸಹಾಯ ಕೋರುವ ಮನವಿ ಎಂದು ಸನ್ನೆ ಮಾಡುತ್ತಾರೆ, ಸಹಿ ಹಾಕಲು ಪೆನ್ನು ಕೊಡುತ್ತಾರೆ. ಹಿಂದಿನವರು ಹಾಕಿದ ಸಹಿ, ಅದರ ಮುಂದೆ 10, 20 ಯೂರೊ ಎಂದು ಬರೆದ ಮೊತ್ತ ಎಲ್ಲವೂ ಕಾಗದದಲ್ಲಿರುತ್ತದೆ. ಸಹಿ ಹಾಕಿದ ಕೂಡಲೇ ಹಣಕ್ಕೆ ಒತ್ತಾಯ ಶುರು. ಪರ್ಸ್ ತೆಗೆದರೆ ಅದು ಎಲ್ಲಿರುತ್ತದೆ, ಒಳಗೆ ಎಷ್ಟಿದೆ ಎಂದು ಅವರಿಗೆ ತಿಳಿಯಿತು. ಇನ್ನೊಂದು ವಿಧಾನದಲ್ಲಿ ಅಷ್ಟೂ ಕಾಯುವುದಿಲ್ಲ: ಹಲಗೆಯನ್ನು ನಿಮ್ಮ ಎದೆಯ ಮಟ್ಟಕ್ಕೆ ತಂದು ಹಿಡಿಯುತ್ತಾರೆ, ನೀವು ಓದಲು ಬಗ್ಗುತ್ತೀರಿ, ನಿಮ್ಮ ಚೀಲ ನಿಮ್ಮ ಕಣ್ಣಿಗೇ ಮರೆಯಾಗುತ್ತದೆ. ಹಲಗೆಯ ಕೆಳಗೆ ಪಕ್ಕದವಳ ಕೈ ಕೆಲಸ ಮಾಡುತ್ತಿರುತ್ತದೆ. ನಮ್ಮ ಹಿರಿಯರಿಗೆ ದಾನಕ್ಕೆ ಬಂದವರನ್ನು ಮುಖ ತಿರುಗಿಸಿ ಕಳಿಸಿ ಅಭ್ಯಾಸವಿಲ್ಲ. ಇಲ್ಲಿ ತಿರುಗಿಸಿ. ನಿಲ್ಲದೆ, ಪೆನ್ನು ಮುಟ್ಟದೆ, "ನೋ, ಮೆರ್ಸಿ" ಎಂದು ನಡೆಯುತ್ತಲೇ ಇರಿ.

ಮೊಂಮಾರ್ತ್ರ್ ಬೆಟ್ಟದ ಮೇಲೆ ಬಿಳಿಯ ಸಾಕ್ರೆ ಕೇರ್ ಚರ್ಚ್ ಇದೆ. ಅದರ ಮೆಟ್ಟಿಲುಗಳ ಬುಡದಲ್ಲಿ ಬಣ್ಣದ ದಾರ ಹಿಡಿದ ಯುವಕರು ಗುಂಪಾಗಿ ನಿಂತಿರುತ್ತಾರೆ. "ಇಂಡಿಯಾ? ಶಾರುಖ್ ಖಾನ್!" ಎಂದು ಕೈ ಕುಲುಕಲು ಬರುತ್ತಾರೆ. ಕೈ ಕೊಟ್ಟರೆ ಬೆರಳಿಗೋ ಮಣಿಕಟ್ಟಿಗೋ ದಾರ ಸುತ್ತಿ ಹೆಣೆಯತೊಡಗುತ್ತಾರೆ. ಹೆಣೆದು ಮುಗಿದ ಮೇಲೆ ಬಿಚ್ಚಲು ಬಾರದ ಗಂಟು, ಕೈಯಲ್ಲಿ ಹಣ ಬೀಳುವವರೆಗೆ ಬಿಡುವುದಿಲ್ಲ. ಸುತ್ತ ಇನ್ನೂ ನಾಲ್ಕು ಜನ ಸೇರುತ್ತಾರೆ. ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಸಾಗಿದರೆ ಅವರಿಗೆ ಹಿಡಿಯಲು ಏನೂ ಸಿಗದು. ಮಂಡಿನೋವಿನವರಿಗೆ ಇನ್ನೂ ಒಳ್ಳೆಯ ದಾರಿ ಇದೆ: ಮೆಟ್ಟಿಲುಗಳ ಪಕ್ಕದಲ್ಲೇ ಫ್ಯುನಿಕ್ಯುಲರ್ ಎಂಬ ಹಳಿಬಂಡಿ ಮೇಲಕ್ಕೆ ಓಡಾಡುತ್ತದೆ. ಅಥವಾ 12ನೇ ಮಾರ್ಗದ ಅಬೆಸ್ ನಿಲ್ದಾಣದಲ್ಲಿ ಲಿಫ್ಟ್ ಹಿಡಿದು ಹೊರಬಂದು ಹಳೆಯ ಬೀದಿಗಳ ಮೂಲಕ ಹೋಗಬಹುದು. ನನ್ನ ಮಟ್ಟಿಗೆ ಮೊಂಮಾರ್ತ್ರ್‌ನ ಸೊಗಸು ಇರುವುದೇ ಆ ಬೀದಿಗಳಲ್ಲಿ.

ನದಿ ದಂಡೆಯಲ್ಲಿ ಎದುರಿಗೆ ಬರುವವನು ನಿಮ್ಮ ಕಾಲ ಬಳಿಯಿಂದ ಚಿನ್ನದ ಉಂಗುರ ಎತ್ತಿ "ನಿಮ್ಮದೇ?" ಎಂದರೆ ಅದು ಹಿತ್ತಾಳೆ. ಐಫೆಲ್ ಟವರ್ ಎದುರಿನ ಸೇತುವೆ ಮೇಲೆ ಮೂರು ಬಟ್ಟಲು ಒಂದು ಗೋಲಿಯ ಆಟ ನಡೆಯುತ್ತಿದ್ದರೆ, ಗೆದ್ದು ಕುಣಿಯುತ್ತಿರುವವರು ಅದೇ ತಂಡದವರು. ನೋಡಲೂ ನಿಲ್ಲಬೇಡಿ, ನೋಡುತ್ತ ನಿಂತವರ ಜೇಬೇ ಅಲ್ಲಿನ ಎರಡನೆಯ ವ್ಯಾಪಾರ. ಸಾದಾ ಬಟ್ಟೆಯಲ್ಲಿ ಬಂದು ತಾನು ಪೊಲೀಸ್, ಪರ್ಸ್ ತೋರಿಸಿ, ನೋಟು ಅಸಲಿಯೇ ನೋಡಬೇಕು ಎನ್ನುವವನ ಕೈಗೆ ಏನನ್ನೂ ಕೊಡಬೇಡಿ. ನಿಜವಾದ ಪೊಲೀಸರು ನಿಮ್ಮ ದಾಖಲೆ ಕೇಳಬಹುದು, ನೋಟು ಎಣಿಸುವುದಿಲ್ಲ, ಕಾರ್ಡಿನ ಪಿನ್ ಕೇಳುವುದಿಲ್ಲ. ಠಾಣೆಗೇ ಹೋಗೋಣ ಎನ್ನಿ.

ಕೆಫೆಯ ಹೊರಗೆ ಕೂತಾಗ ಮೊಬೈಲ್ ಮೇಜಿನ ಮೇಲಿಡುವುದು, ಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕುವುದು ಎರಡೂ ಬೇಡ. ಯಾರೋ ಬಂದು ದಾರಿ ಕೇಳುವಂತೆ ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತಾನೆ, ಮಡಚಿಕೊಂಡು ಹೋಗುವಾಗ ನಕ್ಷೆಯಡಿಯ ಮೊಬೈಲೂ ಹೋಗಿರುತ್ತದೆ.

ರಸ್ತೆ ದಾಟುವಾಗ

ಕಳ್ಳರ ವಿಷಯ ಎಲ್ಲರೂ ಎಚ್ಚರಿಸುತ್ತಾರೆ, ಇದನ್ನು ಹೇಳುವವರು ಕಡಿಮೆ. ಫ್ರಾನ್ಸಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಹುಟ್ಟಿದಾಗಿನಿಂದ ನಮ್ಮ ಕತ್ತು ಮೊದಲು ಬಲಕ್ಕೆ ತಿರುಗುತ್ತದೆ. ಅಲ್ಲಿ ಫುಟ್‌ಪಾತಿನಿಂದ ಇಳಿದೊಡನೆ ವಾಹನ ಬರುವುದು ಎಡದಿಂದ. ಬಲಕ್ಕೆ ನೋಡಿ ಖಾಲಿ ಇದೆಯೆಂದು ಹೆಜ್ಜೆ ಇಟ್ಟರೆ ಅಪಾಯ. ಜೇಬು ಹೋದರೆ ಮತ್ತೆ ಸಂಪಾದಿಸಬಹುದು, ಈ ತಪ್ಪಿನ ಬೆಲೆ ಬೇರೆ. ಮೊದಲ ಎರಡು ದಿನ ಎರಡೂ ಕಡೆ ನೋಡಿ, ಹಸಿರು ದೀಪ ಬಂದ ಮೇಲೆಯೇ ಜೀಬ್ರಾ ಪಟ್ಟೆಯಲ್ಲಿ ದಾಟಿ. ಅಲ್ಲಿನ ಜನ ಕೆಂಪು ದೀಪವಿದ್ದರೂ ನುಗ್ಗುತ್ತಾರೆ, ಅವರನ್ನು ಅನುಸರಿಸಬೇಡಿ, ಅವರ ಕಣ್ಣಿಗೆ ಆ ರಸ್ತೆ ರೂಢಿಯಾಗಿದೆ.

ಸೈಕಲ್ಲುಗಳ ಬಗ್ಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಈಚಿನ ವರ್ಷಗಳಲ್ಲಿ ಪ್ಯಾರಿಸ್ ಸೈಕಲ್ ಪಥಗಳನ್ನು ಬಹಳ ಬೆಳೆಸಿದೆ. ಲೂವ್ರ್ ಪಕ್ಕದ ರಿವೊಲಿ ರಸ್ತೆಯ ಬಹುಪಾಲು ಈಗ ಸೈಕಲ್ಲುಗಳದ್ದೇ, ಎರಡೂ ದಿಕ್ಕಿನಿಂದ ಬರುತ್ತವೆ, ಸದ್ದಿಲ್ಲದೆ ವೇಗವಾಗಿ ಬರುತ್ತವೆ. ಫೋಟೊ ಚೆನ್ನಾಗಿ ಬರಲೆಂದು ಹಿಂದಕ್ಕೆ ಹೆಜ್ಜೆ ಇಡುತ್ತ ಆ ಪಥದೊಳಗೆ ಕಾಲಿಡುವ ಪ್ರವಾಸಿಗರು ದಿನವೂ ಕಾಣಸಿಗುತ್ತಾರೆ. 2021ರ ಆಗಸ್ಟ್ ಕೊನೆಯಿಂದ ನಗರದ ಬಹುತೇಕ ರಸ್ತೆಗಳಲ್ಲಿ ವಾಹನಗಳಿಗೆ ಗಂಟೆಗೆ 30 ಕಿ.ಮೀ. ಮಿತಿ ಇದೆ, 2023ರ ಸೆಪ್ಟೆಂಬರ್‌ನಿಂದ ಬಾಡಿಗೆಯ ಎಲೆಕ್ಟ್ರಿಕ್ ಸ್ಕೂಟರುಗಳನ್ನು ತೆಗೆಸಿದ್ದಾರೆ. ಆದರೂ ಕಣ್ಣು ರಸ್ತೆಯ ಮೇಲಿರಲಿ.

ಕಳ್ಳರಿಲ್ಲದೆಯೂ ಹಣ ಹೋಗುವ ಬಗೆ

ಲೂವ್ರ್‌ಗೆ ಮಂಗಳವಾರ ರಜೆ. ಆರ್ಸೆ ಮ್ಯೂಸಿಯಂ ಮತ್ತು ವರ್ಸಾಯ್ ಅರಮನೆಗೆ ಸೋಮವಾರ ರಜೆ. ಎರಡೇ ದಿನದ ಪ್ಯಾರಿಸ್ ಕಾರ್ಯಕ್ರಮ ಸೋಮವಾರ, ಮಂಗಳವಾರಕ್ಕೇ ಬಿದ್ದಿದೆಯೇ ಎಂದು ಟಿಕೆಟ್ ಕಾದಿರಿಸುವ ಮೊದಲೇ ನೋಡಿ. ಲೂವ್ರ್ ಮತ್ತು ಐಫೆಲ್ ಟವರ್ ಟಿಕೆಟ್ಟುಗಳಿಗೆ ಸಮಯ ಗೊತ್ತುಮಾಡಿರುತ್ತದೆ, ಬೇಗ ಮುಗಿದುಹೋಗುತ್ತವೆ. ಅವುಗಳ ಅಧಿಕೃತ ವೆಬ್‌ಸೈಟ್ ಬಿಟ್ಟು ಬೇರೆಡೆ ಕೊಂಡರೆ ದುಪ್ಪಟ್ಟು ಕೊಡಬೇಕಾದೀತು. ಐಫೆಲ್ ಟವರ್ ಟಿಕೆಟ್ಟಿಗೆ 2024ರಿಂದ ಯುಪಿಐ ಮೂಲಕವೂ ಹಣ ಪಾವತಿಸಬಹುದು.

2019ರ ಏಪ್ರಿಲ್ 15ರ ಬೆಂಕಿಯ ನಂತರ ದುರಸ್ತಿಯಾದ ನೋತ್ರ್ ದಾಮ್ ಕ್ಯಾಥೆಡ್ರಲ್ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಒಳಗೆ ಹೋಗಲು ಶುಲ್ಕವಿಲ್ಲ. ಸಮಯ ಕಾದಿರಿಸುವುದೂ ಉಚಿತ, ಕಾದಿರಿಸದೆ ಸಾಲಿನಲ್ಲಿ ನಿಂತೂ ಹೋಗಬಹುದು. ಕ್ಯಾಥೆಡ್ರಲ್ ಪ್ರವೇಶಕ್ಕೆಂದು ಯಾರಾದರೂ ಟಿಕೆಟ್ ಮಾರಿದರೆ ಅದು ಮೋಸ. ಗೋಪುರ ಹತ್ತುವುದಕ್ಕೆ ಮಾತ್ರ ಬೇರೆ ಟಿಕೆಟ್ ಇದೆ.

ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರದಲ್ಲಿ ಎರಡು ಮೊತ್ತ ಕಾಣಬಹುದು, ಒಂದು ಯೂರೊದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ನಮಗೆ ಅರ್ಥವಾಗುವ ರೂಪಾಯಿಯನ್ನೇ ಒತ್ತಲು ಮನಸ್ಸಾಗುತ್ತದೆ. ಯೂರೊ ಒತ್ತಿ. ರೂಪಾಯಿ ಆಯ್ಕೆ ಮಾಡಿದರೆ ವಿನಿಮಯ ದರವನ್ನು ಅಂಗಡಿಯ ಕಡೆಯ ಸಂಸ್ಥೆ ತನಗೆ ಬೇಕಾದಂತೆ ಹಾಕುತ್ತದೆ, ಅದು ಬಹುತೇಕ ದುಬಾರಿ. ಎಟಿಎಂನಲ್ಲೂ ಹೀಗೇ ಕೇಳುತ್ತದೆ, ಅಲ್ಲೂ ಪರಿವರ್ತನೆ ಬೇಡವೆನ್ನಿ. ಎಟಿಎಂ ಬ್ಯಾಂಕಿನ ಗೋಡೆಗೇ ಅಂಟಿಕೊಂಡದ್ದಾಗಿರಲಿ.

ಹೋಟೆಲಿನಲ್ಲಿ "ಕರಾಫ್ ದೋ" ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರು ಉಚಿತವಾಗಿ ಕೊಡುತ್ತಾರೆ, ಕುಡಿಯಲು ಯೋಗ್ಯ. ಬರೀ ನೀರು ಎಂದರೆ ಬಾಟಲಿ ಬಂದು ಬಿಲ್ಲಿಗೆ ಸೇರುತ್ತದೆ. ಸೇವಾ ಶುಲ್ಕ ಬೆಲೆಯಲ್ಲೇ ಸೇರಿದೆ, ಟಿಪ್ಸ್ ಕೊಡಲೇಬೇಕೆಂದಿಲ್ಲ. ಸಸ್ಯಾಹಾರಿಗಳು ಮಾಂಸ ಬೇಡ ಎನ್ನುವುದರ ಜೊತೆಗೆ ಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಇಡ್ಲಿ ದೋಸೆಗೆ ಮನಸ್ಸಾದರೆ ಗಾರ್ ದು ನೋರ್ ಹಿಂಭಾಗದ ಲಾ ಶಾಪೆಲ್ ಪ್ರದೇಶದಲ್ಲಿ ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲುಗಳ ಸಾಲೇ ಇದೆ, ಹತ್ತಿರದಲ್ಲೇ ಗಣಪತಿ ದೇವಸ್ಥಾನವೂ ಇದೆ. ಹಗಲಲ್ಲಿ ಹೋಗಿ ಬನ್ನಿ. ಗಾರ್ ದು ನೋರ್, ಸ್ತಾಲಿನ್‌ಗ್ರಾದ್ ಸುತ್ತಮುತ್ತ, ಐಫೆಲ್ ಟವರ್ ಬುಡದ ಹುಲ್ಲುಹಾಸು ಇವು ತಡರಾತ್ರಿ ಒಂಟಿಯಾಗಿ ತಿರುಗಲು ತಕ್ಕ ಜಾಗಗಳಲ್ಲ. ಮೆಟ್ರೊ ಸಾಮಾನ್ಯ ದಿನಗಳಲ್ಲಿ ರಾತ್ರಿ ಒಂದರ ನಂತರ ನಿಲ್ಲುತ್ತದೆ, ಶುಕ್ರವಾರ ಶನಿವಾರ ಎರಡರ ನಂತರ.

ಯಾವ ಅಂಗಡಿ, ಕೌಂಟರು, ಬಸ್ಸಿಗೆ ಹೋದರೂ ಮೊದಲು "ಬೊಂಜೂರ್" ಎನ್ನಿ, ಆಮೇಲೆ ಇಂಗ್ಲಿಷಿನಲ್ಲಿ ಕೇಳಿ. ಅದನ್ನು ಬಿಟ್ಟು ನೇರ ಪ್ರಶ್ನೆಗೆ ಇಳಿಯುವುದನ್ನು ಅವರು ಒರಟುತನವೆಂದು ಎಣಿಸುತ್ತಾರೆ. ಪ್ಯಾರಿಸ್‌ನವರು ಗಡಸು ಎಂಬ ದೂರು ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟಿದ್ದು.

ಹೋಗಿಯೇ ಬಿಟ್ಟರೆ

ಮೊದಲ ಹತ್ತು ನಿಮಿಷ ಕಳ್ಳನನ್ನು ಹುಡುಕಲು ವ್ಯಯಿಸಬೇಡಿ. ಬೆನ್ನಟ್ಟುವುದಂತೂ ಬೇಡವೇ ಬೇಡ. ಜೊತೆಯವರ ಮೊಬೈಲಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಿ. ನಮ್ಮ ಎಚ್ಚರಗೇಡಿನಿಂದ ಆದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ನಮ್ಮ ತಲೆಗೆ, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನ ತಲೆಗೆ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಹಾಗಾಗಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಮೊಬೈಲ್ ಹೋಗಿದ್ದರೆ ಸಿಮ್ ನಿಲ್ಲಿಸಿ, ದೂರದಿಂದಲೇ ಲಾಕ್ ಮಾಡಿ, ಯುಪಿಐ ಖಾತೆ ಮುಚ್ಚಿಸಿ.

ಪೆಟ್ಟಾಗಿದ್ದರೆ, ಯಾರಿಗಾದರೂ ಎದೆನೋವು ಬಂದರೆ 112. ಇದು ಇಡೀ ಐರೋಪ್ಯ ಒಕ್ಕೂಟದಲ್ಲಿ ನಡೆಯುವ ಉಚಿತ ಸಂಖ್ಯೆ. ಫ್ರಾನ್ಸಿನೊಳಗೆ ಪೊಲೀಸರಿಗೆ 17, ಆಂಬುಲೆನ್ಸಿಗೆ 15, ಅಗ್ನಿಶಾಮಕಕ್ಕೆ 18. ಸಣ್ಣಪುಟ್ಟದ್ದಕ್ಕೆ ಹಸಿರು ಶಿಲುಬೆಯ ದೀಪವಿರುವ ಔಷಧಿ ಅಂಗಡಿಗೆ ಹೋಗಿ, ಅಲ್ಲಿನ ಫಾರ್ಮಸಿಸ್ಟ್ ಸಲಹೆ ಕೊಡುತ್ತಾರೆ. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಆದಷ್ಟು ಬೇಗ ವಿಮೆ ಕಂಪನಿಗೆ ತಿಳಿಸಿ.

ನಂತರ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಅಲ್ಲಿ ಅದಕ್ಕೆ ಕೊಮಿಸಾರಿಯಾ ಎನ್ನುತ್ತಾರೆ. ಕಾಯಿಸುತ್ತಾರೆ, ಭಾಷೆಯ ತೊಡಕಿರುತ್ತದೆ, ಕಳೆದದ್ದು ಸಿಗುವುದು ಅಪರೂಪ, ಎಲ್ಲವೂ ನಿಜ. ಆದರೂ ದೂರಿನ ಪ್ರತಿ ಇಲ್ಲದೆ ವಿಮೆ ಹಣ ಸಿಗುವುದು ಕಷ್ಟ. ಟೂರ್ ಬಸ್ ಕಾಯುತ್ತಿದೆಯೆಂದು ಟೂರ್ ಮ್ಯಾನೇಜರ್ ಅವಸರ ಮಾಡಿದರೂ ದೂರು ಕೊಡದೆ ಊರು ಬಿಡಬೇಡಿ.

ಪಾಸ್‌ಪೋರ್ಟ್ ವಿಷಯ ಕೊನೆಗಿಟ್ಟಿದ್ದೇನೆ, ಏಕೆಂದರೆ ಅದೊಂದು ಹೋದರೆ ಉಳಿದೆಲ್ಲ ಸಣ್ಣದಾಗುತ್ತದೆ. ಕಾನೂನಿನ ಪ್ರಕಾರ ವಿದೇಶಿಯರು ಪೊಲೀಸರು ಕೇಳಿದಾಗ ತಮ್ಮ ದಾಖಲೆ ತೋರಿಸುವಂತಿರಬೇಕು. ಆದ್ದರಿಂದ ಅದು ಬಟ್ಟೆಯೊಳಗೆ ಸೊಂಟಕ್ಕೆ ಕಟ್ಟುವ ತೆಳು ಚೀಲದಲ್ಲಿರಲಿ, ಹೊರಗಿನ ಚೀಲದಲ್ಲಿ ಎಂದೂ ಬೇಡ. ತೆರಿಗೆ ವಾಪಸಾತಿಗೆಂದು ಅಂಗಡಿಯಲ್ಲಿ ತೋರಿಸಿದ ಮೇಲೆ ಅದೇ ಜಾಗಕ್ಕೆ ಮರಳಿತೇ ಎಂದು ಬಾಗಿಲು ದಾಟುವ ಮುನ್ನ ನೋಡಿಕೊಳ್ಳಿ. ಕಳೆದುಹೋದರೆ ಪೊಲೀಸ್ ದೂರಿನ ಪ್ರತಿ, ಹಳೆಯ ಪಾಸ್‌ಪೋರ್ಟಿನ ನಕಲು, ಫೋಟೊಗಳೊಂದಿಗೆ 16ನೇ ವಿಭಾಗದಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ತುರ್ತಿದ್ದವರಿಗೆ ಅವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಮರಳುವ ಒಂದು ಪ್ರಯಾಣಕ್ಕೆ ಮಾತ್ರ ಸಲ್ಲುತ್ತದೆ. ಷೆಂಗೆನ್ ವೀಸಾ ಅಂಟಿಸಿದ್ದು ಕಳೆದುಹೋದ ಪುಸ್ತಕದಲ್ಲಿ. ಪ್ಯಾರಿಸ್ ಮುಗಿಸಿ ಸ್ವಿಟ್ಜರ್ಲೆಂಡ್, ಇಟಲಿ ಎಂದು ಹಣ ಕಟ್ಟಿದ್ದವರ ಮುಂದಿನ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ.